ಪೆಂಟ್ರೆಗಾರ್ಥಿನ ಏಕೈಕ ಸಾರ್ವಜನಿಕ

ಗೊರೊನ್ವಿ ಪ್ರೋಬರ್ಟ್ ಆ ಸಭೆಗೆ ಹೋದದ್ದು ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯಿಂದಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಪೆಂಟ್ರೆಗಾರ್ಥ್ ಊರಿನಲ್ಲಿ ಹಬ್ಬಿದ ಸುದ್ದಿ, ವಾರಪತ್ರಿಕೆಯ ಮುಖಪುಟ, ಊರಿನ ಆಡಳಿತ ನಡೆಸುವ ಪರಿಷತ್ತಿನ ವಾರ್ಷಿಕ ವರದಿಯಲ್ಲಿ ಅಚ್ಚಾದ ಅವನ ಭಾವಚಿತ್ರ, ಇವೆಲ್ಲ ಬೇರೆಯೇ ಕಥೆ ಹೇಳುತ್ತವೆ.

ಅವನಿಗೆ ಅರವತ್ತೆಂಟು ವರ್ಷ. ಹಾಸಿಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸ್ಪ್ರಿಂಗ್ ಪರೀಕ್ಷಕನಾಗಿದ್ದು ನಿವೃತ್ತನಾದವನು. ಪ್ರತಿ ಹಾಸಿಗೆಯನ್ನೂ ಎರಡು ಅಂಗೈಯಿಂದ ಒತ್ತಿ, ಅದರ ಮೇಲೆ ಮಲಗಿ, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಹೊರಳಿ, ಎದ್ದು, 'ಸರಿ' ಅಥವಾ 'ಸರಿಯಿಲ್ಲ' ಎಂದು ಚೀಟಿ ಅಂಟಿಸುವುದು ಅವನ ಉದ್ಯೋಗ. ಇದರಿಂದಾಗಿ ಪ್ರಪಂಚದ ಯಾವ ವಸ್ತುವಿನಲ್ಲಿಯಾದರೂ ತಪ್ಪು ಹುಡುಕಬಲ್ಲೆನೆಂಬ ನಂಬಿಕೆ ಅವನಿಗೆ ಬಂದಿತ್ತು. ಹೆಂಡತಿ ಒಲ್ವೆನ್ ಮಾತ್ರ ಅವನನ್ನು ಯಾರಿಗಾದರೂ ಪರಿಚಯಿಸುವಾಗ, "ಮಲಗಿಕೊಂಡೇ ಪಿಂಚಣಿ ಸಂಪಾದಿಸಿದ ಮನುಷ್ಯ" ಎನ್ನುತ್ತಿದ್ದಳು.

ಪ್ರತಿ ಗುರುವಾರ ಊರಲ್ಲಿ ಸಂತೆ. ಒಲ್ವೆನ್ ಬರೆದುಕೊಟ್ಟ ಚೀಟಿ ಹಿಡಿದು ಗೊರೊನ್ವಿ ಒಂಬತ್ತೂವರೆಯ ಬಸ್ಸಿಗೆ ಬಂದು, ಹನ್ನೊಂದರ ಬಸ್ಸಿಗೆ ಮರಳುತ್ತಿದ್ದ. ಮೊದಲೆಲ್ಲ ಸಂತೆಗೆ ಅವಳೇ ಬರುತ್ತಿದ್ದಳು. ಎಂಟು ತಿಂಗಳಿಂದ, "ಸಂತೆ ಮೊದಲಿನ ಹಾಗಿಲ್ಲ, ನೀನೇ ಹೋಗಿ ಬಾ" ಎಂದು ಮನೆಯಲ್ಲೇ ಉಳಿದಿದ್ದಳು. ಸಂತೆ ಹೇಗೆ ಮೊದಲಿನ ಹಾಗಿಲ್ಲ ಎಂದು ಗೊರೊನ್ವಿ ಕೇಳಿರಲಿಲ್ಲ. ಮದುವೆಯಾಗಿ ನಲವತ್ತಾರು ವರ್ಷ ಕಳೆದ ಮೇಲೆ ಗಂಡಸರು ಇಂಥ ಪ್ರಶ್ನೆ ಕೇಳುವುದಿಲ್ಲ.

ಆ ನವೆಂಬರ್ ಗುರುವಾರ ಮೀನಿನವನು ಚಳಿಯೆಂದು ಅವನಿಗೆ ಎರಡು ದೊಡ್ಡ ಮಗ್ಗು ಚಹಾ ಕುಡಿಸಿದ. ಹನ್ನೊಂದರ ಬಸ್ಸು ಬರಲಿಲ್ಲ. ಮುಂದಿನದು ಹನ್ನೆರಡೂವರೆಗೆ. ಹನ್ನೊಂದೂಕಾಲಿಗೆ ಗೊರೊನ್ವಿಗೆ ಜಲಬಾಧೆಯ ಮೊದಲ ಸೂಚನೆ ಸಿಕ್ಕಿತು. ಹನ್ನೊಂದೂವರೆಗೆ ಅದು ಸೂಚನೆಯಾಗಿ ಉಳಿಯಲಿಲ್ಲ.

ಚೌಕದ ಸಾರ್ವಜನಿಕ ಶೌಚಾಲಯಕ್ಕೆ ಮಾರ್ಚ್ ತಿಂಗಳಲ್ಲೇ ಬೀಗ ಬಿದ್ದಿತ್ತು. ಬಾಗಿಲ ಮೇಲೆ 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ' ಎಂಬ ಫಲಕ. ತೊಂದರೆ ಎಷ್ಟರಮಟ್ಟಿನದು ಎಂದು ಬರೆದವರಿಗೆ ಗೊತ್ತಿರಲಾರದು. ಹೋಟೆಲಿನ ಮುಂದೆ ಅದೇ ಉದ್ದೇಶಕ್ಕೆ ಹದಿನಾಲ್ಕು ಜನರ ಸಾಲು. ಹಳೆಯ ಪಬ್ಬು ಈಗ ಯಾರದೋ ವಾಸದ ಮನೆ. ಚಾಪೆಲ್ಲೆಂಬ ಪ್ರಾರ್ಥನಾಮಂದಿರ ರತ್ನಗಂಬಳಿ ಅಂಗಡಿಯಾಗಿತ್ತು. ಗ್ರಂಥಾಲಯ ತೆರೆಯುವುದು ಸೋಮವಾರ. ಗೊರೊನ್ವಿ ಮೀನಿನ ಪೊಟ್ಟಣವನ್ನು ಎದೆಗವಚಿಕೊಂಡು, ಮೊಣಕಾಲು ಬಗ್ಗಿಸದ ವಿಶಿಷ್ಟ ನಡಿಗೆಯಲ್ಲಿ ಚೌಕ ದಾಟಿ, ಪರಿಷತ್ತಿನ ಕಚೇರಿಯ ಗಾಜಿನ ಬಾಗಿಲು ತಳ್ಳಿದ.

ಒಳಗೆ ಒಬ್ಬ ಹೆಂಗಸು ಫೋನಿನಲ್ಲಿದ್ದಳು. ಗೊರೊನ್ವಿ ಮರ್ಯಾದಸ್ಥ. ಪರಸ್ತ್ರೀಯ ಮುಂದೆ ಆ ಶಬ್ದವನ್ನು ಬಾಯಿಬಿಟ್ಟು ಹೇಳುವ ವಂಶ ಅವನದಲ್ಲ.

"ಇಲ್ಲಿ... ಸಾರ್ವಜನಿಕರಿಗೆ ಅಂತ... ಏನಾದ್ರೂ ಇದೆಯಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಅದೇ ಹೊತ್ತಿಗೆ ಮೆಟ್ಟಿಲಿಳಿದು ಬರುತ್ತಿದ್ದ ಯುವತಿಯೊಬ್ಬಳು ಸಿಡಿಲು ಬಡಿದವಳಂತೆ ನಿಂತಳು.

ಅವಳ ಹೆಸರು ನೆರಿಸ್ ವಾನ್. ಹುದ್ದೆ, ಸಾರ್ವಜನಿಕ ಸಹಭಾಗಿತ್ವ ಅಧಿಕಾರಿ. ಪರಿಷತ್ತನ್ನು ನಡೆಸುವವರು ಮಾಡಿದ್ದು ಸರಿಯೋ ತಪ್ಪೋ ಎಂದು ಉಳಿದ ಸದಸ್ಯರು ಕೂತು ವಿಚಾರಿಸಲು ಪರಿಶೀಲನಾ ಸಮಿತಿ ಎಂಬುದೊಂದಿದೆ. ಅದರ ಸಭೆಗೆ ಊರಿನ ಯಾರು ಬೇಕಾದರೂ ಬಂದು ಕೂರಬಹುದು, ಮೂರು ನಿಮಿಷ ಮಾತಾಡಲೂಬಹುದು. ಅವರು ಬರುವಂತೆ ಮಾಡುವುದೇ ನೆರಿಸಳ ಕೆಲಸ. ನಾಲ್ಕು ವರ್ಷದಲ್ಲಿ ಬಂದವನು ಒಬ್ಬನೇ. ಅವನು ಕೂಡ ಕೋಣೆಯ ಹೀಟರು ರಿಪೇರಿಗೆ ಬಂದಿದ್ದವನು. ಆದರೂ ಅವನನ್ನು ಲೆಕ್ಕಕ್ಕೆ ಹಿಡಿದು ಆ ವರ್ಷದ ವರದಿ ಬರೆದಿದ್ದರು.

"ಸಾರ್ವಜನಿಕರಾ? ನೀವು ಸಾರ್ವಜನಿಕರಾ?" ಎಂದು ನೆರಿಸ್ ಓಡಿಬಂದಳು.

"ಅಂದ್ರೆ... ಹೌದು ಅನ್ಸುತ್ತೆ."

"ಬನ್ನಿ, ಬನ್ನಿ! ಮೇಲ್ಗಡೆ. ಈಗಷ್ಟೇ ಶುರುವಾಗಿದೆ!"

ಶೌಚಾಲಯ 'ಶುರುವಾಗುವುದು' ಹೇಗೆಂದು ಯೋಚಿಸುವ ಸ್ಥಿತಿಯಲ್ಲಿ ಗೊರೊನ್ವಿ ಇರಲಿಲ್ಲ. ಎರಡು ಮಹಡಿ ಹತ್ತಿದ. ಅವಳು ಒಂದು ದೊಡ್ಡ ಬಾಗಿಲು ತೆರೆದು ಅವನನ್ನು ಒಳಗೆ ಬಿಟ್ಟಳು. ಒಳಗೆ ಕುದುರೆ ಲಾಳದ ಆಕಾರದ ಮೇಜು, ಒಂಬತ್ತು ಜನ ಸದಸ್ಯರು, ಎದುರಿಗೆ ನಲವತ್ತು ಖಾಲಿ ಕುರ್ಚಿ.

"ಅಧ್ಯಕ್ಷರೇ," ಎಂದಳು ನೆರಿಸ್. "ಸಾರ್ವಜನಿಕರು ಬಂದಿದ್ದಾರೆ."

ಅಧ್ಯಕ್ಷ ಡೆನ್ಜಿಲ್ ಗಿಟಿನ್ಸ್ ಎದ್ದು ನಿಂತ. ಅವನನ್ನು ನೋಡಿ ಉಳಿದ ಎಂಟು ಜನರೂ ಎದ್ದರು. ಅಂದು ಅವರು ಚರ್ಚಿಸುತ್ತಿದ್ದ ವಿಷಯವೇ 'ಸಾರ್ವಜನಿಕರು ಯಾಕೆ ಬರುವುದಿಲ್ಲ' ಎಂಬುದು. ಅದಕ್ಕೆಂದು ಎಪ್ಪತ್ತು ಪುಟದ ವರದಿ ಸಿದ್ಧವಾಗಿತ್ತು. ಇಂಥ ಗಳಿಗೆಯಲ್ಲಿ ಸಾಕ್ಷಾತ್ ಸಾರ್ವಜನಿಕನೇ ಮೀನಿನ ಪೊಟ್ಟಣದೊಂದಿಗೆ ಪ್ರತ್ಯಕ್ಷನಾದರೆ ಯಾರಿಗೆ ಮೈ ಜುಮ್ಮೆನ್ನದು?

ನೆರಿಸ್ ಅವನ ಹೆಸರು ಕೇಳಿ ಬರೆದು ಅಧ್ಯಕ್ಷನಿಗೆ ಚೀಟಿ ದಾಟಿಸಿ, ಅವನನ್ನು ಮೊದಲ ಸಾಲಿನ ನಟ್ಟನಡುವೆ ಕೂರಿಸಿದಳು. ಆಮೇಲೆ, ಅತಿಥಿ ಸತ್ಕಾರವೆಂದು, ಎತ್ತರದಿಂದ ಸಣ್ಣ ಧಾರೆಯಾಗಿ, ಒಂದು ಲೋಟಕ್ಕೆ ನೀರು ಸುರಿದಳು. ಆ ಸದ್ದು ಕೇಳಿ ಗೊರೊನ್ವಿ ಕಣ್ಣು ಮುಚ್ಚಿಕೊಂಡ.

"ಗಮನವಿಟ್ಟು ಕೇಳ್ತಿದ್ದಾರೆ," ಎಂದು ಒಬ್ಬ ಸದಸ್ಯೆ ಪಕ್ಕದವನಿಗೆ ಪಿಸುಗುಟ್ಟಿದಳು.

ಎಂಟು ನಿಮಿಷ ಅವನು ಗಮನವಿಟ್ಟು ಕೇಳಿದ. ಒಂಬತ್ತನೆಯ ನಿಮಿಷಕ್ಕೆ, ಮಾನವೋ ಪ್ರಾಣವೋ ಎಂದು ತೀರ್ಮಾನಿಸಿ, ಹೊರಗೆ ಓಡಲೆಂದು ಎದ್ದು ನಿಂತ.

"ಸಾರ್ವಜನಿಕರು ಮಾತಾಡಬೇಕೆಂದಿದ್ದಾರೆ!" ಎಂದು ಅಧ್ಯಕ್ಷ ಸುತ್ತಿಗೆ ಕುಟ್ಟಿದ. "ನಿಮಗೆ ಮೂರು ನಿಮಿಷ."

ಇಲ್ಲೊಂದು ವಿವರ ಹೇಳಬೇಕು. ಗೊರೊನ್ವಿಗೆ ಗಾಬರಿಯಾದಾಗ ಆ ನಾಡಿನ ಮೂಲ ಭಾಷೆಯಾದ ವೆಲ್ಷ್ ಬಿಟ್ಟು ಬೇರೊಂದು ಬರುತ್ತಿರಲಿಲ್ಲ. ಗಿಟಿನ್ಸ್‌ಗೆ ಇಂಗ್ಲಿಷ್ ಬಿಟ್ಟು ಬೇರೊಂದು ಬರುತ್ತಿರಲಿಲ್ಲ. ಅದಕ್ಕೆಂದೇ ಮೂಲೆಯ ಗಾಜಿನ ಗೂಡಿನಲ್ಲಿ ಒಬ್ಬ ದುಭಾಷಿ ಕೂತಿದ್ದ, ಸದಸ್ಯರ ಕಿವಿಗೆ ಹೆಡ್‌ಫೋನು. ಆದರೆ ಎರಡು ವರ್ಷದಿಂದ ಆ ಸಭೆಯಲ್ಲಿ ಯಾರೂ ವೆಲ್ಷ್‌ನಲ್ಲಿ ಬಾಯಿ ಬಿಟ್ಟಿರಲಿಲ್ಲ. ಪದಬಂಧ ಬಿಡಿಸಿ ಬಿಡಿಸಿ ಆ ಮನುಷ್ಯನ ಹೃದಯದಲ್ಲಿ ಬಳಕೆಯಾಗದ ವಾಗ್ಝರಿಯೊಂದು ಮಡುಗಟ್ಟಿತ್ತು.

"ಇನ್ನು ತಡೆಯೋಕಾಗಲ್ಲ, ಸಾರ್!" ಎಂದ ಗೊರೊನ್ವಿ.

"ಜನರ ಸಹನೆಯ ಕಟ್ಟೆ ಒಡೆಯುವ ಹಂತಕ್ಕೆ ಬಂದಿದೆ, ಅಧ್ಯಕ್ಷರೇ!" ಎಂದು ಹೆಡ್‌ಫೋನು ಗುಡುಗಿತು.

"ಎಷ್ಟೊತ್ತು ಅಂತ ಹಿಂಗೇ ಕೂತಿರೋದು?"

"ಇನ್ನೆಷ್ಟು ಕಾಲ ಈ ಊರು ಕೈಕಟ್ಟಿ ಕೂತಿರಬೇಕು?"

"ಎಲ್ಲಿದೆ? ಅದನ್ನಾದ್ರೂ ಹೇಳಿ, ಎಲ್ಲಿದೆ?"

"ಎಲ್ಲಿದೆ ಹೊಣೆಗಾರಿಕೆ? ಎಲ್ಲಿದೆ ನ್ಯಾಯ?"

"ಅಯ್ಯೋ, ದಾರಿ ಬಿಡ್ರಪ್ಪಾ!"

"ಆಗದಿದ್ದರೆ ಕುರ್ಚಿ ಬಿಟ್ಟು ಬೇರೆಯವರಿಗೆ ದಾರಿ ಮಾಡಿಕೊಡಿ!"

ಗಿಟಿನ್ಸ್ ಬಿಳಿಚಿಕೊಂಡ. ಗೊರೊನ್ವಿ ಯಾರ ಉತ್ತರಕ್ಕೂ ಕಾಯದೆ ಬಾಗಿಲು ದಡಾರನೆ ತೆರೆದು ಹೊರಟುಹೋದ. ಸದಸ್ಯರು ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿದರು.

ಕಾರಿಡಾರಿನ ಕೊನೆಯಲ್ಲಿ ಸದಸ್ಯರ ಶೌಚಾಲಯವಿತ್ತು. ಅದನ್ನು ಅವನು ಹೇಗೆ ಪತ್ತೆಹಚ್ಚಿದ ಎಂದು ಕೇಳಬಾರದು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಹಕ್ಕಿಗಳ ದಿಕ್ಕಿನ ಜ್ಞಾನ ಬರುತ್ತದೆ. ಅವನು ಗೋಡೆಗೆ ಹಣೆ ಆನಿಸಿ ಪರಮಾನಂದದಲ್ಲಿದ್ದಾಗ ಪಕ್ಕದಲ್ಲಿ ಗಿಟಿನ್ಸ್ ಬಂದು ನಿಂತ.

"ಸ್ವಲ್ಪ ಕಟುವಾಯ್ತು, ಮಿಸ್ಟರ್... ಪ್ರೋಬರ್ಟ್ ಅಲ್ವಾ? ಆದ್ರೆ ನಮಗೆ ಬೇಕಾಗಿತ್ತು. ಹದಿನೈದು ವರ್ಷದಲ್ಲಿ ಇಂಥ ಸಭಾತ್ಯಾಗ ನಾನು ನೋಡಿಲ್ಲ."

"ನಂಗೂ ಈಗ ಹಗುರಾಯ್ತು," ಎಂದ ಗೊರೊನ್ವಿ ಪ್ರಾಮಾಣಿಕವಾಗಿ.

"ಮನಸ್ಸಲ್ಲಿದ್ದಿದ್ದನ್ನ ಹೊರಹಾಕಿದ್ರೆ ಹಾಗೇ," ಎಂದು ಗಿಟಿನ್ಸ್ ತಲೆಯಾಡಿಸಿದ.

ಹೊರಗೆ ನೆರಿಸ್ ಒಂದು ಅರ್ಜಿ ಹಿಡಿದು ಕಾದಿದ್ದಳು. ಮುಂದಿನ ಸಭೆಗೂ ಬರಬೇಕು, ಆಗುತ್ತದೆಯೇ? ನಿಜ ಹೇಳುವುದಿದ್ದರೆ ಗೊರೊನ್ವಿ ಆಗಲೇ ಹೇಳಬಹುದಿತ್ತು. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದರೂ ಒಂದು ಹಾಸಿಗೆಯೂ ಅವನನ್ನು ಹಾಗೆ ನೋಡಿರಲಿಲ್ಲ.

"ನೋಡೋಣ," ಎಂದ, ಕೋಟಿನ ಕಾಲರು ಸರಿಪಡಿಸಿಕೊಂಡು. "ಕೆಲಸ ಜಾಸ್ತಿ ಇರುತ್ತೆ. ಆದ್ರೂ ನೋಡೋಣ."

ಮನೆಗೆ ಬಂದಾಗ ಒಲ್ವೆನ್ ಬಾಗಿಲಲ್ಲೇ ಇದ್ದಳು.

"ಮೀನೆಲ್ಲಿ?"

ಗೊರೊನ್ವಿ ತನ್ನ ಖಾಲಿ ಕೈ ನೋಡಿಕೊಂಡ. "ಪರಿಷತ್ತಿನಲ್ಲಿದೆ."

"ಮೀನು ಪರಿಷತ್ತಿನಲ್ಲಿ ಏನ್ಮಾಡ್ತಿದೆ?"

"ನಾನು ಭಾಷಣ ಮಾಡ್ತಿದ್ದೆ ಕಣೇ. ಕರೆದ್ರು, ಹೋದೆ. ಅಧ್ಯಕ್ಷರು ಎದ್ದು ನಿಂತ್ರು."

"ನಿನ್ನ ನೋಡೀನಾ, ಮೀನು ನೋಡೀನಾ?"

ಅವಳು ನಂಬಲಿಲ್ಲ. ಆದರೆ ಶನಿವಾರ ವಾರಪತ್ರಿಕೆ ಬಂತು. ಮುಖಪುಟದಲ್ಲಿ 'ಸಹನೆಯ ಕಟ್ಟೆ ಒಡೆದಿದೆ: ಪರಿಶೀಲನಾ ಸಮಿತಿಯಲ್ಲಿ ನಾಗರಿಕನ ಗುಡುಗು' ಎಂದು ದಪ್ಪಕ್ಷರದಲ್ಲಿತ್ತು. ಗೊರೊನ್ವಿ ಅದನ್ನು ಎರಡು ಸಲ ಓದಿದ. ಎರಡನೆಯ ಸಲ ಓದುವಷ್ಟರಲ್ಲಿ ತಾನು ಅದನ್ನೆಲ್ಲ ಹೇಳಿದ್ದೇನೆಂದು ಅವನಿಗೂ ನೆನಪಾಗತೊಡಗಿತು.

ಹತ್ತು ಗಂಟೆಗೆ ಪಕ್ಕದ ಮನೆಯ ಮಿಸೆಸ್ ಹಾಪ್ಕಿನ್ ಬಂದಳು. ಬೀದಿಯಲ್ಲಿ ಅವಳಿಗೆ ತಿಳಿಯದ ಸಂಗತಿಯಿಲ್ಲ, ತಿಳಿದು ಅವಳಲ್ಲೇ ಉಳಿದ ಸಂಗತಿಯೂ ಇಲ್ಲ.

"ಗೊರೊನ್ವಿ, ನೀನು ಇಂಥಾ ಗಂಡಸು ಅಂತ ಗೊತ್ತೇ ಇರ್ಲಿಲ್ಲ ನೋಡಪ್ಪಾ! ಇಪ್ಪತ್ತು ವರ್ಷದಿಂದ ಪಕ್ಕದಲ್ಲಿದ್ದೀನಿ, ಒಂದು ಸಲನಾದ್ರೂ ದನಿ ಏರಿಸಿದ್ದು ಕೇಳಿಲ್ಲ."

"ಏರಿಸೋಕೆ ಇವಳು ಬಿಟ್ರೆ ತಾನೆ," ಎಂದ ಗೊರೊನ್ವಿ, ಗತ್ತಿನಿಂದ ಕುರ್ಚಿಗೊರಗಿ.

"ನನ್ನ ಕಸದ ತೊಟ್ಟಿ ವಿಷಯ ಎತ್ತು. ಮೂರು ವಾರ ಆಯ್ತು, ತಗೊಂಡು ಹೋಗಿಲ್ಲ."

"ಬರೆದುಕೊಡಿ. ಪರಿಶೀಲಿಸೋಣ."

ಅಲ್ಲಿಂದ ಬೀದಿಯೇ ಬಂತು. ಒಬ್ಬನಿಗೆ ಕಡಲಹಕ್ಕಿಗಳು ತನ್ನ ಮನೆಯ ಹೊಗೆಗೂಡನ್ನೇ ಆರಿಸಿಕೊಂಡದ್ದರ ಬಗ್ಗೆ ತಕರಾರು. ಇನ್ನೊಬ್ಬಳಿಗೆ ಎದುರುಮನೆಯವರ ಪರದೆಯ ಬಣ್ಣದ ಬಗ್ಗೆ. ಮತ್ತೊಬ್ಬನ ಅಳಿಯ ಮಾತು ಕೇಳುತ್ತಿರಲಿಲ್ಲ. "ಅಳಿಯ ಪರಿಷತ್ತಿನ ವ್ಯಾಪ್ತಿಗೆ ಬರ್ತಾನೋ ಇಲ್ವೋ ನೋಡ್ಬೇಕು," ಎಂದು ಗೊರೊನ್ವಿ ಅದನ್ನೂ ಬರೆದುಕೊಂಡ. ಒಂದು ನೀಲಿ ಕಡತ ಕೊಂಡುತಂದ. ಅಡುಗೆಮನೆಯ ಮೇಜು ಕಚೇರಿಯಾಯಿತು, ಒಲ್ವೆನ್ ಒಲೆಯ ಪಕ್ಕ ನಿಂತೇ ಊಟ ಮಾಡಬೇಕಾಯಿತು.

ನೆರಿಸಳಿಂದ ಪತ್ರವೂ ಬಂತು. ನಾಲ್ಕು ವರ್ಷದ ಒಟ್ಟು ಲೆಕ್ಕದಲ್ಲಿ ಸಾರ್ವಜನಿಕ ಸಹಭಾಗಿತ್ವ ಶೇಕಡಾ ನೂರು ಹೆಚ್ಚಿದೆ. ಜನವರಿಯ ಸಭೆಗೆ ಮಿಸ್ಟರ್ ಪ್ರೋಬರ್ಟ್ ತಮ್ಮ ನೆರೆಹೊರೆಯವರನ್ನೂ ಕರೆತರಬೇಕು. ಬಿಸ್ಕತ್ತಿನ ವ್ಯವಸ್ಥೆ ಇರುತ್ತದೆ.

"ನೀನೂ ಬಾ," ಎಂದು ಗೊರೊನ್ವಿ ಹೆಂಡತಿಯನ್ನು ಕರೆದ. "ಗಂಡನ ಭಾಷಣ ಕೇಳೋ ಅದೃಷ್ಟ ಎಲ್ರಿಗೂ ಸಿಗಲ್ಲ."

"ನಂಗೆ ದಿನಾ ಸಿಗ್ತಿದೆ."

"ಅಲ್ಲ, ನಿಜವಾಗ್ಲೂ. ಬಾ."

"ಪೇಟೆಗೆ ಬರಲ್ಲ ಅಂದೆನಲ್ಲ." ಅವಳು ಆ ಕಡೆ ತಿರುಗಿ ಪಾತ್ರೆ ಒರೆಸಿದಳು. ಸ್ವಲ್ಪ ಹೊತ್ತಾದ ಮೇಲೆ, "ಅವತ್ತು ನಿಂಗೆ ಏನು ತಡೆಯೋಕಾಗ್ಲಿಲ್ಲ, ಗೊರೊನ್ವಿ?" ಎಂದಳು.

"ಒಟ್ಟಾರೆ," ಎಂದ ಗೊರೊನ್ವಿ. "ಪರಿಸ್ಥಿತಿ."

ಜನವರಿಯ ಆ ಗುರುವಾರ ಹನ್ನೊಂದು ಜನ ಬಸ್ಸು ಹತ್ತಿದರು. ಬಸ್ಸು ಹೊರಡುವ ಮುನ್ನ ಹನ್ನೆರಡನೆಯವಳಾಗಿ ಒಲ್ವೆನ್ ಬಂದು, ಯಾರ ಮುಖವನ್ನೂ ನೋಡದೆ ಮುಂದಿನ ಸೀಟಿನಲ್ಲಿ ಕೂತಳು. ಎಷ್ಟಾದರೂ ಗಂಡ ಊರೆದುರು ಮಾತಾಡುತ್ತಾನೆ. ಬಿದ್ದರೆ ಎತ್ತಲು ಒಬ್ಬರು ಬೇಕು. ಬೆಳಿಗ್ಗೆಯಿಂದ ಅವಳು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಇದು ಗೊರೊನ್ವಿಗೆ ಗೊತ್ತಿರಲಿಲ್ಲ. ಅವನು ಚಾಪೆಲ್ಲಿನ ಕಾಲದ ಕರಿ ಸೂಟಿನೊಳಗೆ ಉಸಿರು ಬಿಗಿಹಿಡಿದು, ಕಡತ ತೊಡೆಯ ಮೇಲಿಟ್ಟುಕೊಂಡು, ತುಟಿ ಅಲುಗಿಸುತ್ತ ಭಾಷಣ ಕಂಠಪಾಠ ಮಾಡುತ್ತಿದ್ದ.

ಪರಿಷತ್ತಿನ ಕಚೇರಿಯಲ್ಲಿ ಒಂದು ಬದಲಾವಣೆಯಾಗಿತ್ತು. ಹಿಂದಿನ ಸಲದ ಭಾಷಣದಿಂದ ಬೆದರಿದ ಯಾರೋ ಅಧಿಕಾರಿ, ಜನರ ಆಕ್ರೋಶ ಯಾವ ರೂಪ ತಾಳೀತೋ ಎಂದು, ಎರಡನೆಯ ಮಹಡಿಯ ಕಾರಿಡಾರಿಗೆ ಗಟ್ಟಿ ಬಾಗಿಲು ಹಾಕಿಸಿ ಅಂಕಿ ಒತ್ತುವ ಬೀಗ ಜಡಿಸಿದ್ದ. ಶೌಚಾಲಯ ಆ ಬಾಗಿಲಿನ ಆಚೆಗಿತ್ತು.

ಹನ್ನೆರಡು ಜನ ಸಾರ್ವಜನಿಕರನ್ನು ಒಟ್ಟಿಗೆ ಕಂಡು ಸಮಿತಿ ಕಂಗಾಲಾಯಿತು. ಬಿಸ್ಕತ್ತು ಸಾಲಲಿಲ್ಲ. ಅಧ್ಯಕ್ಷ ಗಿಟಿನ್ಸ್ ಸ್ವಾಗತ ಭಾಷಣ, ತುರ್ತು ನಿರ್ಗಮನದ ಸೂಚನೆ, ಹಿಂದಿನ ಸಭೆಯ ನಡಾವಳಿ ಎಲ್ಲ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಆಮೇಲೆ ಗೊರೊನ್ವಿ ಎದ್ದ. ಗಾಜಿನ ಗೂಡಿನಲ್ಲಿ ದುಭಾಷಿ ಗಂಟಲು ಸರಿಮಾಡಿಕೊಂಡ.

"ಅಧ್ಯಕ್ಷರೇ, ಮಾನ್ಯ ಸದಸ್ಯರೇ. ಪರಿಶೀಲನೆ ಅಂದ್ರೇನು? ಒತ್ತಿ ನೋಡೋದು. ನಾನು ಮೂವತ್ತೊಂದು ವರ್ಷ ಒತ್ತಿ ನೋಡಿದ್ದೀನಿ. ಹೊಣೆಗಾರಿಕೆ ಅನ್ನೋದು ಸ್ಪ್ರಿಂಗ್ ಇದ್ದ ಹಾಗೆ..."

ಹೊಣೆಗಾರಿಕೆಯ ಸ್ಪ್ರಿಂಗು ಎಲ್ಲಿಗೆ ಚಿಮ್ಮುತ್ತಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಎರಡನೆಯ ಸಾಲಿನಲ್ಲಿ ಒಲ್ವೆನ್ ಎದ್ದು ನಿಂತಳು.

"ಇಲ್ಲಿ ಕಕ್ಕಸು ಎಲ್ಲಿದೆ?"

ಗೂಡಿನೊಳಗಿನ ದುಭಾಷಿ ಒಂದು ಕ್ಷಣ ತಡವರಿಸಿ, ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ಇಳಿಸಿದ.

ಗಿಟಿನ್ಸ್ ನಿಯಮದ ಪುಸ್ತಕ ತಿರುವಿಹಾಕಿದ. "ಮೇಡಂ, ಸಾರ್ವಜನಿಕರ ಪ್ರಶ್ನೆಗಳನ್ನ ಐದು ದಿನ ಮುಂಚೆ ಬರವಣಿಗೆಯಲ್ಲಿ ಕೊಡಬೇಕು."

"ಐದು ದಿನ ಮುಂಚೆ ನಂಗೆ ಹೋಗೋಕಿರ್ಲಿಲ್ಲ ಸ್ವಾಮಿ. ಈಗ ಹೋಗ್ಬೇಕು."

"ಒಲ್ವೆನ್, ಕೂತ್ಕೋ!" ಎಂದು ಗೊರೊನ್ವಿ ಹಲ್ಲು ಕಚ್ಚಿ ಹೇಳಿದ. "ಮಾನ ಕಳೀಬೇಡ. ಇನ್ನೊಂದ್ ಎರಡು ನಿಮಿಷ ತಡ್ಕೊಳ್ಳೋಕಾಗಲ್ವಾ?"

ಒಲ್ವೆನ್ ಅವನನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ನವೆಂಬರಿನ ಗುರುವಾರ, ಎರಡು ಮಗ್ಗು ಚಹಾ, ಬಾರದ ಬಸ್ಸು ಎಲ್ಲ ಸಾಲಾಗಿ ನಿಂತವು.

"ಅವತ್ತು ನೀನು ತಡ್ಕೊಂಡ್ಯಾ?"

ನೆರಿಸ್ ಓಡಿಬಂದು ಒಲ್ವೆನಳ ಕೈಹಿಡಿದು ಕಾರಿಡಾರಿಗೆ ಕರೆದೊಯ್ದಳು. ಬೀಗದ ಅಂಕಿಗಳನ್ನು ಅವಳು ಒಮ್ಮೆ ತಪ್ಪಾಗಿ, ಇನ್ನೊಮ್ಮೆ ತಪ್ಪಾಗಿ, ಮೂರನೆಯ ಸಲ ಸರಿಯಾಗಿ ಒತ್ತಿದ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ಗೊರೊನ್ವಿ ಕಡತ ತೆರೆದು, ಓದಿದಂತೆ ಮಾಡಿ, ಮುಚ್ಚಿದ.

ಒಲ್ವೆನ್ ಮರಳಿ ಬಂದು ಕೂರಲಿಲ್ಲ.

"ಇವನ ಮೂರು ನಿಮಿಷದಲ್ಲಿ ಉಳಿದಿದ್ದು ನಂಗೆ ಕೊಡಿ," ಎಂದಳು. "ನನ್ನ ಹೆಸರು ಒಲ್ವೆನ್ ಪ್ರೋಬರ್ಟ್. ಹೃದಯಕ್ಕೆ ಅಂತ ಡಾಕ್ಟರು ಕೊಟ್ಟ ನೀರಿಳಿಸೋ ಮಾತ್ರೆ ತಗೊಳ್ತೀನಿ. ತಗೊಂಡ ಮೇಲೆ ಮುಕ್ಕಾಲು ಗಂಟೆಗೊಂದ್ಸಲ ಹೋಗ್ಲೇಬೇಕು. ನಲವತ್ತು ವರ್ಷ ಒಂದು ಗುರುವಾರ ಸಂತೆ ತಪ್ಪಿಸಿದೋಳಲ್ಲ ನಾನು. ಚೌಕದ ಬಾಗಿಲಿಗೆ ನೀವು ಬೀಗ ಹಾಕಿದ್ರಿ, ಅವತ್ತಿಂದ ಬಂದಿಲ್ಲ. ಚೀಟಿ ಬರೆದು ಇವನ ಕೈಲಿ ಕೊಡ್ತೀನಿ. ಇವನು ತರೋ ಮೀನು ನೋಡಿದ್ರೆ ಮೀನಿಗೇ ನಾಚಿಕೆಯಾಗ್ಬೇಕು. ಚೆನ್ನಾಗಿದೆ ಅಂತೀನಿ. ಇನ್ನೇನನ್ಲಿ? ಗಂಡನಿಗೆ ಹೇಳೋಕೇ ನಾಚಿಕೆ ಆಗ್ತಿತ್ತು, ಈಗ ಊರಿಗೇ ಹೇಳ್ತಿದ್ದೀನಿ. ಮನೇಲಿ ಕೂತು ಕೂತು ನಂಗೆ ಸಾಕಾಗಿದೆ. ಅಷ್ಟೇ."

ದುಭಾಷಿ ಈ ಸಲ ತನ್ನ ಕಡೆಯಿಂದ ಒಂದು ಶಬ್ದವನ್ನೂ ಸೇರಿಸಲಿಲ್ಲ.

ಗೊರೊನ್ವಿ ಹೆಂಡತಿಯನ್ನು ನೋಡುತ್ತ ನಿಂತಿದ್ದ. ಮೂವತ್ತೊಂದು ವರ್ಷ ಒತ್ತಿ ಒತ್ತಿ ತಪ್ಪು ಹುಡುಕಿದವನಿಗೆ, ಪಕ್ಕದಲ್ಲೇ ಮಲಗುವವಳು ಎಂಟು ಹತ್ತು ತಿಂಗಳಿಂದ ಏನನ್ನು ನುಂಗಿಕೊಂಡಿದ್ದಾಳೆಂದು ಕಂಡಿರಲಿಲ್ಲ. ಅವನ ಕಿವಿ ಕೆಂಪಾಯಿತು.

"ಅಧ್ಯಕ್ಷರೇ," ಎಂದ ಕೊನೆಗೆ. "ಅವಳು ಹೇಳಿದ್ದು ನಿಜ. ನಾನೂ ಅವತ್ತು ಅದಕ್ಕೇ ಬಂದಿದ್ದು."

"ಯಾವುದಕ್ಕೆ?"

"ಅದಕ್ಕೇ."

"ಹಾಗಾದ್ರೆ 'ಎಲ್ಲಿದೆ ಹೊಣೆಗಾರಿಕೆ' ಅಂದಿದ್ದು?"

"ಹೊಣೆಗಾರಿಕೆ ಗಿಣೆಗಾರಿಕೆ ನಂಗೊತ್ತಿಲ್ಲ ಸಾರ್. ನಾನು ಕೇಳಿದ್ದು ಕಕ್ಕಸು."

ಗಿಟಿನ್ಸ್ ಕೈಯಲ್ಲಿ ತಲೆ ಹಿಡಿದುಕೊಂಡ. "ಅದನ್ನ ವರದಿಯಲ್ಲಿ ಸೇರಿಸಿ ರಾಜಧಾನಿಗೆ ಕಳಿಸಿಬಿಟ್ಟಿದ್ದೀವಿ, ಮಿಸ್ಟರ್ ಪ್ರೋಬರ್ಟ್! ನಿಮ್ಮ ಫೋಟೋ ಸಮೇತ!"

ಎಲ್ಲರ ಕಣ್ಣೂ ಗಾಜಿನ ಗೂಡಿನತ್ತ ತಿರುಗಿತು. ದುಭಾಷಿ ಬಹಳ ಶ್ರದ್ಧೆಯಿಂದ ಪೆನ್ಸಿಲು ಚೂಪು ಮಾಡುತ್ತಿದ್ದ.

ಮಿಸೆಸ್ ಹಾಪ್ಕಿನ್ ಎದ್ದಳು. ಕಸದ ತೊಟ್ಟಿಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. "ಒಲ್ವೆನ್ ಒಬ್ಬಳೇ ಅಲ್ಲ," ಎಂದಳು. "ನಾನೂ ಮೀನಿನ ಅಂಗಡಿಯಿಂದ ಹೋಟೆಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿಟ್ಟುಕೊಂಡೇ ಸಂತೆಗೆ ಬರೋದು. ನೂರಾ ಎಂಬತ್ತು." ಹೊಗೆಗೂಡಿನವನು ತನ್ನ ಆಪರೇಷನ್ನಿನ ವಿಷಯ ಹೇಳಿದ. ಮಾತು ಕೇಳದ ಅಳಿಯನ ಮಾವ, ತಾನು ಸಂತೆಯ ದಿನ ಚಹಾ ಬಿಟ್ಟಿದ್ದೇನೆಂದ. ಕೊನೆಗೆ ಸಮಿತಿಯ ಹಿರಿಯ ಸದಸ್ಯೆಯೊಬ್ಬಳು ಮೈಕು ತನ್ನತ್ತ ಎಳೆದುಕೊಂಡು, "ನಾನು ಈ ಸಮಿತಿ ಬಿಡದೆ ಕೂತಿರೋದೇ ಆ ಬಾಗಿಲಿನ ಅಂಕಿಗಳು ಗೊತ್ತಿವೆ ಅಂತ," ಎಂದುಬಿಟ್ಟಳು. ಅಂದು ಆ ಕೋಣೆಯಲ್ಲಿ ಯಾರೂ ಯಾರಿಗೂ ಮೂರು ನಿಮಿಷದ ಲೆಕ್ಕ ಹಾಕಲಿಲ್ಲ.

ಶೌಚಾಲಯ ಮತ್ತೆ ತೆರೆಯಬೇಕೆಂದು ಸಮಿತಿ ಒಮ್ಮತದಿಂದ ಶಿಫಾರಸು ಮಾಡಿತು. ಶಿಫಾರಸು ಎಂದರೆ ಕೇಳಿಕೊಳ್ಳುವುದು. ಪರಿಶೀಲನಾ ಸಮಿತಿ ಕೇಳಿಕೊಳ್ಳಬಹುದು, ಪರಿಷತ್ತನ್ನು ನಡೆಸುವವರು ಕೇಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನ ಸಂಬಂಧ ಅವರ ನಡುವೆ ಇಲ್ಲ.

ಬಸ್ಸಿನಲ್ಲಿ ಮರಳುವಾಗ ಗೊರೊನ್ವಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದ.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ?" ಎಂದಳು ಒಲ್ವೆನ್.

ಮುಂದಿನ ನಿಲ್ದಾಣ ದಾಟಿದ ಮೇಲೆ ಅವನು ಕೇಳಿದ, "ಮೀನು ನಿಜವಾಗ್ಲೂ ಅಷ್ಟು ಕೆಟ್ಟದಾಗಿರುತ್ತಾ?"

"ಬಂಗಾರ," ಎಂದಳು ಒಲ್ವೆನ್, ಅವನ ಮೊಣಕಾಲು ತಟ್ಟಿ, "ಕ್ರಿಸ್‌ಮಸ್ ವಾರದ್ದು ಬೆಕ್ಕಿಗೆ ಹಾಕ್ದೆ. ಅದು ನನ್ನನ್ನೇ ನೋಡ್ತು."

ಏಪ್ರಿಲ್‌ನಲ್ಲಿ ಉತ್ತರ ಬಂತು. ಶಿಫಾರಸನ್ನು 'ತಾತ್ವಿಕವಾಗಿ ಒಪ್ಪಲಾಗಿದೆ'. ಆದರೆ ಚೌಕದ ಕಟ್ಟಡವನ್ನು ಆಗಲೇ ಒಂದು ಕಾಫಿ ಅಂಗಡಿಗೆ ಬಿಟ್ಟುಕೊಟ್ಟಾಗಿತ್ತು. ಊರಿಗೆ ಶೌಚಾಲಯ ಸಾಲದಾಗಿರುವಾಗ ಇದ್ದ ಶೌಚಾಲಯದಲ್ಲಿ ಕಾಫಿ ಮಾರುವ ಏರ್ಪಾಡು ಮಾಡಿದ ಬುದ್ಧಿಯನ್ನು ಮೆಚ್ಚಲೇಬೇಕು. ಅದಕ್ಕೆ ಬದಲಾಗಿ ಸಂತೆಯ ದಿನ ಪರಿಷತ್ತಿನ ಎರಡನೆಯ ಮಹಡಿಯ ಶೌಚಾಲಯವನ್ನು ಜನ ಬಳಸಬಹುದು, ಲಿಫ್ಟೂ ಇದೆ. ತೊಡಕು ಒಂದೇ. ನಿಯಮದ ಪ್ರಕಾರ ಆ ಮಹಡಿಗೆ ಸಾರ್ವಜನಿಕರು ಸಭೆಗೆ ಹಾಜರಾಗಲು ಮಾತ್ರ ಬರಬಹುದು. ಹಾಗಾಗಿ ಪರಿಶೀಲನಾ ಸಮಿತಿ ಇನ್ನು ಮುಂದೆ ಪ್ರತಿ ಗುರುವಾರ ಒಂಬತ್ತರಿಂದ ಒಂದರವರೆಗೆ ಬಾಗಿಲು ತೆರೆದು ಕೂರತಕ್ಕದ್ದು; ಬಂದವರು ಹಾಜರಿ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು.

ಮೊದಲ ಗುರುವಾರ ಎಂಬತ್ತಾರು ಸಹಿ ಬಿದ್ದವು. ಮೇ ತಿಂಗಳಿಗೆ ಅದು ಇನ್ನೂರು ದಾಟಿತು. ಮೊದಮೊದಲು ಜನ ಸಹಿ ಮಾಡಿ, ಕೆಲಸ ಮುಗಿಸಿ, ಹೋಗುತ್ತಿದ್ದರು. ಆಮೇಲೆ, ಉಪ್ಪು ತಿಂದ ಮನೆಯೆಂದು ಸಂಕೋಚವಾಗಿ, ಐದು ನಿಮಿಷ ಕೂರತೊಡಗಿದರು. ಕೂತಮೇಲೆ ಕಿವಿಗೆ ಬೀಳುತ್ತದೆ. ಕಿವಿಗೆ ಬಿದ್ದಮೇಲೆ ಬಾಯಿ ಸುಮ್ಮನಿರುವುದಿಲ್ಲ. ಒಲ್ವೆನ್ ಸಂತೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕನ್ನಡಕ ಏರಿಸಿ, ಪ್ರತಿ ವಾರದ ಕಾಗದಪತ್ರ ಪೂರ್ತಿ ಓದುತ್ತಿದ್ದಳು. "ನಲವತ್ತೇಳನೇ ಪುಟದಲ್ಲಿ ಶಾಲೆ ಬಸ್ಸು ಬಿಡ್ತೀವಿ ಅಂದಿದ್ದೀರಿ, ಐವತ್ತೆರಡರಲ್ಲಿ ಇಲ್ಲ ಅಂದಿದ್ದೀರಿ. ಯಾವುದು?" ಎಂದು ಅವಳು ಕೇಳಿದ ದಿನ ಅಧಿಕಾರಿಯೊಬ್ಬ ಮೂರು ಲೋಟ ನೀರು ಕುಡಿದ. ಬಸ್ಸು ಉಳಿಯಿತು. ಜನ ಬರಬೇಕೆಂದು ನಾಲ್ಕು ವರ್ಷ ಗೋಳಾಡಿದ್ದ ಗಿಟಿನ್ಸ್, ಈಗ ಬಂದವರೆಲ್ಲ ಪ್ರಶ್ನೆ ಬೇರೆ ಕೇಳುತ್ತಾರೆಂದು ಮನೆಯಲ್ಲಿ ಹೆಂಡತಿಯ ಬಳಿ ಗೋಳಾಡಿದ.

ವರ್ಷದ ಕೊನೆಗೆ, ಸಾರ್ವಜನಿಕ ಸಹಭಾಗಿತ್ವದಲ್ಲಿ ದೇಶಕ್ಕೇ ಮೊದಲ ಸ್ಥಾನ ಪೆಂಟ್ರೆಗಾರ್ಥಿಗೆ ಬಂತು. ಒಂದು ಗಾಜಿನ ಫಲಕ ಕೊಟ್ಟರು. ಈ ಪವಾಡದ ಗುಟ್ಟು ತಿಳಿಯಲು ಬೇರೆ ಪರಿಷತ್ತಿನಿಂದ ಮೂವರ ನಿಯೋಗ ಬಂತು. ನೆರಿಸ್ ಅವರಿಗೆ ಚಹಾ ಕೊಟ್ಟಳು, ವ್ಯಾನಿನಲ್ಲಿ ಊರು ಸುತ್ತಿಸಿದಳು, ಮತ್ತೆ ಚಹಾ ಕೊಟ್ಟಳು. ಕೊನೆಗೆ ಸಭೆಯ ಕೋಣೆಗೆ ಕರೆತಂದು, "ಇವರೇ ನಮ್ಮ ಮೊದಲ ಸಾರ್ವಜನಿಕರು," ಎಂದು ಗೊರೊನ್ವಿಯನ್ನು ತೋರಿಸಿದಳು.

ನಿಯೋಗದ ಮುಖ್ಯಸ್ಥ ದಪ್ಪ ಮೀಸೆಯ ಗಂಭೀರ ಮನುಷ್ಯ. ಟಿಪ್ಪಣಿ ಪುಸ್ತಕ ತೆರೆದ.

"ಮಿಸ್ಟರ್ ಪ್ರೋಬರ್ಟ್, ನಾವು ಕರಪತ್ರ ಹಂಚಿದ್ವಿ. ಜಾಹೀರಾತು ಕೊಟ್ವಿ. ಒಬ್ಬ ನರಪಿಳ್ಳೆ ಬರ್ಲಿಲ್ಲ. ನಿಮ್ಮಲ್ಲಿ ವಾರಕ್ಕೆ ಇನ್ನೂರು ಜನ! ಇಷ್ಟು ಜನರನ್ನ ಇಲ್ಲಿಗೆ ತರೋ ಶಕ್ತಿ ಯಾವುದು?"

ಗೊರೊನ್ವಿ ಒಲ್ವೆನಳನ್ನು ನೋಡಿದ. ಒಲ್ವೆನ್ ತನ್ನ ಚೀಲದೊಳಗಿನ ಮೀನನ್ನು ನೋಡಿದಳು.

"ಒತ್ತಡ, ಸಾರ್," ಎಂದ ಗೊರೊನ್ವಿ. "ಜನರ ಒತ್ತಡ."

ಮುಖ್ಯಸ್ಥ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದ. ಆಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ನೆರಿಸಳ ಕಿವಿಯ ಬಳಿ ಬಾಗಿ, ಬಹಳ ಮೆಲ್ಲಗೆ ಏನನ್ನೋ ಕೇಳಿದ.

"ಇದೆ, ಬಲಗಡೆ ಎರಡನೇ ಬಾಗಿಲು," ಎಂದು ನೆರಿಸ್ ನಗುತ್ತ ಪುಸ್ತಕವನ್ನೂ ಪೆನ್ನನ್ನೂ ಮುಂದಕ್ಕೆ ಚಾಚಿದಳು. "ಮೊದ್ಲು ಇಲ್ಲೊಂದು ಸಹಿ ಮಾಡಿ, ಸಾರ್."